ಕಾರಿಗೆ ಆಂಪ್, ಸ್ಪೀಕರ್ ಹಾಕಿಸಿದ ಮೇಲೆ ಬರುವ ತೊಂದರೆಗಳು: ಮೀಟರ್ ಹಿಡಿದು ಹುಡುಕುವ ಬಗೆ

ಮೊದಲ ಸಲ ಕಾರಿಗೆ ಆಂಪ್ (ಆಂಪ್ಲಿಫೈಯರ್, ಹಾಡಿನ ಸಿಗ್ನಲನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ) ಹಾಕಿಸಿಕೊಂಡು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ನೆಲಮಂಗಲ ದಾಟುವಷ್ಟರಲ್ಲಿ ಹಾಡಿನ ಹಿಂದೆ ಸಣ್ಣಗೆ 'ಕುಂಯ್' ಎನ್ನುವ ದನಿ ಕೇಳತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಾಡು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಫಿಟ್ಟಿಂಗ್ ಮಾಡಿದ ಅಂಗಡಿಯವರು ಕೇಬಲ್ ಬದಲಿಸಿ ಅಂದರು. ಬದಲಿಸಿದೆ. ನಾಯ್ಸ್ ಫಿಲ್ಟರ್ ಹಾಕಿ ಅಂದರು. ಹಾಕಿದೆ. ಎರಡು ತಿಂಗಳಾದರೂ ದನಿ ಹೋಗಲಿಲ್ಲ. ಇನ್ನೊಂದು ಪ್ರಯಾಣದಲ್ಲಿ ತರೀಕೆರೆಯ ಹತ್ತಿರ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಹೆಡ್‌ಲೈಟ್ ಕೆಲಸಕ್ಕೆ ನಿಲ್ಲಿಸಿದ್ದೆ. ಅವರು ದನಿ ಕೇಳಿದವರೇ ಡಿಕ್ಕಿಯ ಮ್ಯಾಟ್ ಎತ್ತಿ ಆಂಪಿನ ಅರ್ತ್ ಬೋಲ್ಟ್ (ಆಂಪಿನ ಮೈನಸ್ ವೈರನ್ನು ಕಾರಿನ ತಗಡಿಗೆ ಕೂರಿಸುವ ಬೋಲ್ಟ್) ನೋಡಿದರು. "ಸರ್, ಬಣ್ಣದ ಮೇಲೇ ಕೂರಿಸಿದಾರೆ. ಇದ್ರಲ್ಲಿ ಕರೆಂಟ್ ಹೆಂಗೆ ಹೋಗ್ತದೆ?" ಎಂದರು. ಬೋಲ್ಟ್ ಬಿಚ್ಚಿದರು, ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ ತೆಗೆದರು, ಮತ್ತೆ ಬಿಗಿಮಾಡಿದರು. ಹತ್ತು ನಿಮಿಷದ ಕೆಲಸ. ಶಿವಮೊಗ್ಗದವರೆಗೆ ಆ ದನಿ ಮತ್ತೆ ಬರಲಿಲ್ಲ.

ಆವತ್ತಿನಿಂದ ನನ್ನ ಕಾರು, ಭಾವನ ಕಾರು, ಗೆಳೆಯರ ಕಾರು ಅಂತ ಹಲವು ಕಾರುಗಳಲ್ಲಿ ಇಂಥ ತೊಂದರೆ ಹುಡುಕಿದ್ದೇನೆ. ಆಂಪ್, ಸ್ಟೀರಿಯೋ ಪೆಟ್ಟಿಗೆಯೇ ಕೆಟ್ಟಿದ್ದು ಕಡಿಮೆ. ವೈರು, ಜೋಡಣೆ, ಅರ್ತ್, ಇಲ್ಲವೇ ಒಂದು ತಪ್ಪು ಸೆಟ್ಟಿಂಗ್, ಜಾಸ್ತಿ ಸಲ ಇವೇ ಕಾರಣ. ಹಾಗಾಗಿ ಹೊಸದಾಗಿ ಏನನ್ನಾದರೂ ಕೊಳ್ಳುವ ಮೊದಲು ಅಳೆದು ನೋಡಿ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಹೊಸಬರು ಸಾಮಾನ್ಯವಾಗಿ ಮಾಡಿಸುವ ಅಪ್‌ಗ್ರೇಡ್ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ: ಸಣ್ಣ ಕಾರು, ಆಂಡ್ರಾಯ್ಡ್ ಸ್ಟೀರಿಯೋ, ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಸ್ಪೀಕರ್, ಸೀಟಿನ ಕೆಳಗೋ ಡಿಕ್ಕಿಯಲ್ಲೋ ನಾಲ್ಕು ಚಾನೆಲ್ಲಿನ (ನಾಲ್ಕು ಸ್ಪೀಕರಿಗೆ ಬೇರೆ ಬೇರೆ ದಾರಿ ಇರುವ) ಆಂಪ್, ಬೇಸಿಗೆಂದೇ ಇರುವ ಒಂದು ಸಬ್‌ವೂಫರ್.

ಕೈ ಹಾಕುವ ಮೊದಲು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುವಂಥದ್ದೇ ಸಾಕು. ಜೊತೆಗೆ ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್, ಉಪ್ಪುಕಾಗದ, ಒಂದು ಜೊತೆ ಸ್ಪೇರ್ ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಆಂಪಿಗೆ ಹಾಡಿನ ಸಿಗ್ನಲ್ ಒಯ್ಯುವ ಕೇಬಲ್), ಒಂದಿಷ್ಟು ಫ್ಯೂಸ್. ಒಂದು ನೋಟ್‌ಬುಕ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ಎಂದು ಬರೆದಿಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ನಾಳೆ ಅದೇ ತೊಂದರೆ ಬಂದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ವೈರ್ ಬಿಚ್ಚುವಾಗಲೂ ಜೋಡಿಸುವಾಗಲೂ ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೆಯಿರಿ. ಡ್ಯಾಶ್‌ಬೋರ್ಡಿನೊಳಗೆ, ಸೀಟಿನ ಕೆಳಗೆ ಹಳದಿ ಕಪ್ಲರ್ ಅಥವಾ ಹಳದಿ ಹೊದಿಕೆಯ ವೈರ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಕೂಡ ಹಚ್ಚಬಾರದು. ನೆಲದ ತಗಡಿಗೆ ಡ್ರಿಲ್ ಹಾಕುವ ಪ್ರಸಂಗ ಬಂದರೆ ಮೊದಲು ಕಾರಿನ ಅಡಿಗೆ ಇಣುಕಿ ನೋಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಅಲ್ಲೇ ಓಡುತ್ತಿರುತ್ತವೆ.

ಯಾವ ತೊಂದರೆಯೇ ಇರಲಿ, ಮೊದಲ ಅಳತೆ ಬ್ಯಾಟರಿಯದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ ಎಂದರ್ಥ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಇಂಜಿನ್ ಓಡುತ್ತಿದ್ದರೂ 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಜನರೇಟರ್) ಚಾರ್ಜ್ ಮಾಡುತ್ತಿದೆಯೇ ಎಂದು ಮೊದಲು ನೋಡಿಸಿ. ಬುಡವೇ ಸರಿಯಿಲ್ಲದಾಗ ಸ್ಪೀಕರ್ ಬಿಚ್ಚುತ್ತಾ ಕೂತು ಪ್ರಯೋಜನವಿಲ್ಲ. ಈಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರ್ ಅಗತ್ಯ ನೋಡಿಕೊಂಡು ವೋಲ್ಟೇಜ್ ಏರಿಸಿ ಇಳಿಸುತ್ತದೆ. ಅಂಥ ಕಾರಾದರೆ ಹೆಡ್‌ಲೈಟ್, ಎಸಿ ಹಾಕಿ ಸ್ವಲ್ಪ ಹೊತ್ತು ಕಾದು ಇನ್ನೊಮ್ಮೆ ಅಳೆಯಿರಿ.

ಇಂಜಿನ್ ಜೊತೆ ಏರಿಳಿಯುವ ಕುಂಯ್ ದನಿ

ಹೊಸಬರನ್ನು ಜಾಸ್ತಿ ಕಾಡುವುದು ಇದೇ. ಇದಕ್ಕೆ ಸ್ವಲ್ಪ ವಿವರ ಬೇಕು.

ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ ಕರೆಂಟ್. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಆದರೆ ಪೂರ್ತಿ ನಯವಾದ ಡಿಸಿ ಬರುವುದಿಲ್ಲ, ಅದರ ಮೇಲೆ ಸಣ್ಣ ಅಲೆ ಉಳಿಯುತ್ತದೆ. ಇಂಜಿನ್ ವೇಗ ಹೆಚ್ಚಿದಷ್ಟೂ ಆ ಅಲೆಯೂ ವೇಗವಾಗುತ್ತದೆ. ದನಿ ಆಕ್ಸಿಲರೇಟರ್ ಜೊತೆ ಏರುವುದು ಅದಕ್ಕೇ. ಈ ಅಲೆ ಪ್ರತಿ ಕಾರಿನಲ್ಲೂ ಇರುತ್ತದೆ, ಅದು ಕಾಯಿಲೆಯಲ್ಲ. ಆ ಅಲೆ ಹಾಡಿನ ದಾರಿಗೆ ನುಗ್ಗಿದಾಗ ಮಾತ್ರ ತೊಂದರೆ.

ಹೇಗೆ ನುಗ್ಗುತ್ತದೆ? ಸ್ಟೀರಿಯೋಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಅರ್ತ್ ಇದೆ. ಆಂಪಿಗೆ ಡಿಕ್ಕಿಯಲ್ಲಿ ಇನ್ನೊಂದು ಅರ್ತ್. ಎರಡನ್ನೂ ಆರ್‌ಸಿಎ ಕೇಬಲಿನ ಹೊರಜಾಲರಿ ಸೇರಿಸುತ್ತದೆ. ಆಂಪಿನ ಅರ್ತ್ ಜೋಡಣೆ ಸಡಿಲವಿದ್ದರೆ ಕರೆಂಟಿಗೆ ಆ ದಾರಿ ಕಷ್ಟವಾಗುತ್ತದೆ. ಆಗ ಸ್ವಲ್ಪ ಕರೆಂಟ್ ಆರ್‌ಸಿಎ ಜಾಲರಿಯ ಮೂಲಕ ಸ್ಟೀರಿಯೋ ಕಡೆಗೆ ವಾಪಸು ಹೋಗುತ್ತದೆ. ಆ ಕರೆಂಟಿನ ಜೊತೆ ಆಲ್ಟರ್ನೇಟರಿನ ಅಲೆಯೂ ಹೋಗುತ್ತದೆ. ಹಾಡಿನ ಸಿಗ್ನಲ್ ಓಡುವುದೂ ಅದೇ ಕೇಬಲಿನಲ್ಲಿ. ಆಂಪಿಗೆ ಹಾಡು ಯಾವುದು, ಅಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ಈಗ ಹುಡುಕೋಣ. ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ. ಬಯಲಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬೇಡಿ. ಮೊದಲು ಇಂಜಿನ್ ಇಲ್ಲದೆ, ಕೀ ತಿರುಗಿಸಿ ಸ್ಟೀರಿಯೋ ಮಾತ್ರ ಆನ್ ಮಾಡಿ ಕೇಳಿ. ಆಗ ನಿಶ್ಶಬ್ದ, ಇಂಜಿನ್ ಹಚ್ಚಿದ ಕೂಡಲೇ ಕುಂಯ್ ಎಂದರೆ ಅದು ಆಲ್ಟರ್ನೇಟರಿನ ಅಲೆಯೇ. ಇಂಜಿನ್ ಇಲ್ಲದಿದ್ದರೂ ಒಂದೇ ಸಮನೆ 'ಹಿಸ್' ಎನ್ನುತ್ತಿದ್ದರೆ ಅದು ಬೇರೆ ವಿಷಯ. ಸಾಮಾನ್ಯವಾಗಿ ಆಂಪಿನ ಗೇನ್ ಮಿತಿಮೀರಿ ತಿರುಗಿಸಿದ್ದರಿಂದ ಬರುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯದಾಗಿ, ವಾಲ್ಯೂಮ್ ಏರಿಸಿ ಇಳಿಸಿ. ಈ ಪರೀಕ್ಷೆಗೆ ಏನೂ ಬಿಚ್ಚಬೇಕಿಲ್ಲ, ಆದರೂ ಅರ್ಧ ಊರು ಸುತ್ತುವುದು ತಪ್ಪುತ್ತದೆ. ವಾಲ್ಯೂಮ್ ಜೊತೆ ಕುಂಯ್ ಕೂಡ ಏರಿಳಿದರೆ, ಅದು ಸ್ಟೀರಿಯೋದ ವಾಲ್ಯೂಮಿಗಿಂತ ಮುಂಚೆಯೇ ಒಳಗೆ ಬಂದಿದೆ. ಫೋನಿಗೆ ಚಾರ್ಜರ್ ಹಾಕಿ, ಅದೇ ಫೋನನ್ನು ಆಕ್ಸ್ ವೈರಿನಿಂದ ಸ್ಟೀರಿಯೋಗೆ ಕೊಟ್ಟಿದ್ದೀರಾ? ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಕುಂಯ್ ಅಷ್ಟೇ ಇದ್ದರೆ, ಅದು ವಾಲ್ಯೂಮ್ ಆದ ಮೇಲೆ, ಅಂದರೆ ಆರ್‌ಸಿಎ ಕೇಬಲಿನಲ್ಲೋ ಆಂಪಿನಲ್ಲೋ ಸೇರಿಕೊಳ್ಳುತ್ತಿದೆ. ನನ್ನ ಕಾರಿನಲ್ಲಿ ಆಗಿದ್ದು ಇದು. ಆಗ ಈ ಒಂದು ಪರೀಕ್ಷೆ ಗೊತ್ತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮೂರನೆಯದು. ಸ್ಟೀರಿಯೋ ಆಫ್ ಮಾಡಿ, ಆಂಪಿನ ಕಡೆ ಆರ್‌ಸಿಎ ಪಿನ್‌ಗಳನ್ನು ಪೂರ್ತಿ ಕೀಳಿ. ಮತ್ತೆ ಆನ್ ಮಾಡಿ ಇಂಜಿನ್ ಹಚ್ಚಿ. ಕುಂಯ್ ಹೋಯಿತಾ? ಹಾಗಾದರೆ ಅದು ಆರ್‌ಸಿಎ ದಾರಿಯಲ್ಲೇ ಬರುತ್ತಿದೆ. ಪಿನ್ ಕಿತ್ತ ಮೇಲೂ ಇದ್ದರೆ ಆಂಪಿನ ಪವರ್ ಜೋಡಣೆ, ಇಲ್ಲವೇ ಆಂಪೇ ಕಾರಣ.

ಆರ್‌ಸಿಎ ದಾರಿ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಬಲ್ ಬದಲಿಸಲು ಓಡುತ್ತಾರೆ. ಸ್ವಲ್ಪ ನಿಲ್ಲಿ. ಆಂಪಿನ ಅರ್ತ್ ಕೆಟ್ಟಿದ್ದರೂ ಪಿನ್ ಕಿತ್ತಾಗ ದನಿ ನಿಲ್ಲುತ್ತದೆ, ಯಾಕೆಂದರೆ ಕರೆಂಟ್ ವಾಪಸು ಹೋಗುವ ಆ ಕಳ್ಳದಾರಿಯೇ ತುಂಡಾಗಿರುತ್ತದೆ. ಆದ್ದರಿಂದ ಮೊದಲು ಅರ್ತ್ ಅಳೆಯಿರಿ.

ಅರ್ತ್ ಅಳೆಯುವಾಗ ಹೆಚ್ಚಿನವರು ಮೀಟರನ್ನು ಬೀಪ್ ಮೋಡಿಗೆ ಇಟ್ಟು, ಬೀಪ್ ಬಂತು, ಅರ್ತ್ ಸರಿಯಿದೆ ಎನ್ನುತ್ತಾರೆ. ಅಂಗಡಿಯವರು ನನಗೂ ಹಾಗೇ ತೋರಿಸಿದ್ದರು. ಬೀಪ್ ನಂಬಬೇಡಿ. ಆಂಪ್ 20 ಆಂಪಿಯರ್ ಎಳೆಯುವಾಗ ಜೋಡಣೆಯಲ್ಲಿ ಬರೀ 0.03 ಓಮ್ ಇದ್ದರೂ 0.6 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಸಾಮಾನ್ಯ ಮೀಟರಿಗೆ 0.03 ಓಮ್ ಕಾಣಿಸುವುದೇ ಇಲ್ಲ. ಅದಕ್ಕೇ ವೋಲ್ಟೇಜ್ ಅಳೆಯಬೇಕು, ಅದೂ ಆಂಪ್ ಜೋರಾಗಿ ದುಡಿಯುವಾಗ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಬೇಸ್ ಇರುವ ಹಾಡು ಜೋರಾಗಿ ಹಾಕಿ. ಒಂದು ಕಡ್ಡಿ ಆಂಪಿನ ಅರ್ತ್ ಸ್ಕ್ರೂ ಮೇಲೆ, ಇನ್ನೊಂದು ಬ್ಯಾಟರಿಯ ಮೈನಸ್ ಮೇಲೆ. ಡಿಕ್ಕಿಯಿಂದ ಬಾನೆಟ್‌ವರೆಗೆ ಮುಟ್ಟಲು ಒಂದು ಉದ್ದ ವೈರ್ ಸೇರಿಸಿಕೊಳ್ಳಿ. 0.1 ವೋಲ್ಟ್ ಒಳಗೆ ಇದ್ದರೆ ಚೆನ್ನಾಗಿದೆ. 0.2 ದಾಟಿದರೆ ಅರ್ತ್ ಬಿಚ್ಚಿ ಮತ್ತೆ ಮಾಡಿ. ಅರ್ಧ ವೋಲ್ಟ್ ದಾಟಿದರೆ ಬೇರೇನೂ ಹುಡುಕುವುದು ಬೇಡ, ಮೊದಲು ಅಲ್ಲಿಗೇ ಕೈ ಹಾಕಿ.

ಅರ್ತ್ ಮಾಡುವ ಕ್ರಮ ಹೀಗೆ. ಗಟ್ಟಿ ತಗಡಿನ ಜಾಗ ಆರಿಸಿ, ವೈರ್ ಅರ್ಧ ಮೀಟರಿಗಿಂತ ಉದ್ದ ಬೇಡ. ರಿಂಗ್ ಟರ್ಮಿನಲ್ ಕೂರುವಷ್ಟು ಜಾಗದಲ್ಲಿ ಬಣ್ಣ, ಪ್ರೈಮರ್ ಎರಡನ್ನೂ ಉಜ್ಜಿ ಹೊಳೆಯುವ ತಗಡು ಕಾಣುವಂತೆ ಮಾಡಿ. ವೈರನ್ನು ಟರ್ಮಿನಲಿಗೆ ಸರಿಯಾಗಿ ಕ್ರಿಂಪ್ ಮಾಡಿ. ಬೋಲ್ಟ್ ಬಿಗಿಮಾಡಿದ ಮೇಲೆ ಸುತ್ತ ಸ್ವಲ್ಪ ಗ್ರೀಸ್ ಅಥವಾ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಕರಾವಳಿ, ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸೀಟ್‌ಬೆಲ್ಟಿನ ಬೋಲ್ಟಿಗೆ ಅರ್ತ್ ಕೊಡಬೇಡಿ. ಅದು ಜೀವ ಕಾಯುವ ಬೋಲ್ಟ್. ಬ್ಯಾಟರಿಯ ಮೈನಸ್ ಕಂಬಕ್ಕೆ ಸಣ್ಣ ಸೆನ್ಸರ್ ಕೂರಿಸಿರುವ ಕಾರಾದರೆ ನೇರ ಆ ಕಂಬಕ್ಕೆ ವೈರ್ ಕೊಡಬೇಡಿ, ಕಾರಿನ ತಗಡಿಗೇ ಕೊಡಿ. ಇಲ್ಲದಿದ್ದರೆ ಆಂಪ್ ಎಳೆಯುವ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಅರ್ತ್ ಸರಿಯಾದ ಮೇಲೂ ದನಿ ಉಳಿದರೆ ಆಗ ಕೇಬಲ್ ಕಡೆ ಬನ್ನಿ. ಸ್ಪೇರ್ ಆರ್‌ಸಿಎಯನ್ನು ಸೀಟುಗಳ ಮೇಲಿಂದಲೇ ಹಾಯಿಸಿ ಸ್ಟೀರಿಯೋದಿಂದ ಆಂಪಿಗೆ ಕೊಡಿ. ದನಿ ಹೋದರೆ ಹಳೇ ಕೇಬಲ್ ಪವರ್ ವೈರಿನ ಪಕ್ಕದಲ್ಲೇ ಓಡುತ್ತಿರಬಹುದು. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಇರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಉದ್ದಕ್ಕೆ ಜೊತೆಯಲ್ಲಿ ಓಡಿಸಬೇಡಿ. ಕೇಬಲ್ ಬದಲಿಸಿದರೂ ದನಿ ಹೋಗದಿದ್ದರೆ ಸ್ಟೀರಿಯೋ ಹೊರಗೆಳೆದು, ಅದರ ಲೋಹದ ಮೈಗೂ ಆರ್‌ಸಿಎ ಹೊರಸುತ್ತಿಗೂ ಓಮ್ ಅಳೆಯಿರಿ. ಬಹುಪಾಲು ಸ್ಟೀರಿಯೋಗಳಲ್ಲಿ ಅಲ್ಲಿ ಒಂದು ಓಮಿಗಿಂತ ಕಡಿಮೆ ತೋರಿಸಬೇಕು. ಏನೂ ತೋರಿಸದಿದ್ದರೆ ಸ್ಟೀರಿಯೋ ಒಳಗಿನ ಆ ಕೊಂಡಿ ಸುಟ್ಟಿರುವ ಸಾಧ್ಯತೆ ಹೆಚ್ಚು. ಆನ್ ಇರುವಾಗಲೇ ಆರ್‌ಸಿಎ ಕಿತ್ತು ಹಾಕಿ ಮಾಡಿದರೆ ಇದು ಸುಡಬಹುದು. ಮೇಲೆ ಮೂರನೇ ಪರೀಕ್ಷೆಯಲ್ಲಿ ಮೊದಲು ಆಫ್ ಮಾಡಿ ಎಂದದ್ದು ಅದಕ್ಕೇ.

ನಾಯ್ಸ್ ಫಿಲ್ಟರ್? ಅದು ಕೊನೆಯ ಉಪಾಯ. ಕಾರಣ ಹಾಗೇ ಇರುತ್ತದೆ, ಮೇಲಿಂದ ಮುಚ್ಚಿದಂತಾಗುತ್ತದೆ ಅಷ್ಟೇ. ಅಗ್ಗದ್ದು ಬೇಸನ್ನೂ ತಿಂದುಹಾಕುತ್ತದೆ.

ಆಂಪ್ ಆನ್ ಆಗುವುದೇ ಇಲ್ಲ

ಮೀಟರಿನ ಕಪ್ಪು ಕಡ್ಡಿಯನ್ನು ಆಂಪಿನ ಅರ್ತ್ ಸ್ಕ್ರೂಗೇ ಇಡಿ, ಕಾರಿನ ತಗಡಿಗಲ್ಲ. ಕೆಂಪು ಕಡ್ಡಿ ಪವರ್ ಸ್ಕ್ರೂಗೆ. ಇಲ್ಲಿ ಬ್ಯಾಟರಿಯ ವೋಲ್ಟೇಜೇ ಹೆಚ್ಚೂಕಡಿಮೆ ಬರಬೇಕು. ಸೊನ್ನೆ ಬಂದರೆ ಬ್ಯಾಟರಿ ಹತ್ತಿರದ ಫ್ಯೂಸ್ ನೋಡಿ. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸ್ ಒಳಗೆ ತುಂಡಾಗಿರುವುದನ್ನು ಎರಡು ಸಲ ಕಂಡಿದ್ದೇನೆ, ಹಾಗಾಗಿ ಮೀಟರಿನಲ್ಲೇ ನೋಡಿ. ಆಮೇಲೆ ಕೆಂಪು ಕಡ್ಡಿಯನ್ನು ರಿಮೋಟ್ ಎಂದು ಬರೆದ ಸ್ಕ್ರೂಗೆ ಇಡಿ. ಆಂಪಿಗೆ ಆನ್ ಆಗು ಎಂದು ಸ್ಟೀರಿಯೋ ಹೇಳುವುದು ಈ ವೈರಿನಲ್ಲಿ. ಸ್ಟೀರಿಯೋ ಆನ್ ಇದ್ದಾಗ 12 ವೋಲ್ಟ್ ಬರಬೇಕು, ಆಫ್ ಮಾಡಿದರೆ ಹೋಗಬೇಕು.

ಇಲ್ಲೊಂದು ವಿಚಿತ್ರ ತೊಂದರೆ ಬರುತ್ತದೆ. ರೇಡಿಯೋ ಹಾಕಿದರೆ ಆಂಪ್ ಹಾಡುತ್ತದೆ, ಬ್ಲೂಟೂತ್ ಹಾಕಿದರೆ ಮೌನ. ಸ್ಟೀರಿಯೋ ಹಿಂದೆ ಎರಡು ನೀಲಿ ವೈರ್ ಇರುತ್ತವೆ. ಪೂರ್ತಿ ನೀಲಿ ಇರುವುದು ಆಂಟೆನಾದ್ದು. ನೀಲಿಯ ಮೇಲೆ ಬಿಳಿ ಗೆರೆ ಇರುವುದು ಆಂಪಿನದು. ಎಷ್ಟೋ ಸ್ಟೀರಿಯೋಗಳಲ್ಲಿ ಆಂಟೆನಾ ವೈರಿಗೆ ರೇಡಿಯೋ ಓಡುವಾಗ ಮಾತ್ರ ಕರೆಂಟ್ ಬರುತ್ತದೆ. ಅದನ್ನೇ ಆಂಪಿಗೆ ಕೊಟ್ಟರೆ ಹೀಗಾಗುತ್ತದೆ. ವೈರ್ ಬದಲಿಸಿದರೆ ಮುಗಿಯಿತು. ಬೇರೆ ಬಣ್ಣಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ: ಹಳದಿ ಯಾವಾಗಲೂ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಇದು ಹೊರಗೆ ಕೊಳ್ಳುವ ಸ್ಟೀರಿಯೋಗಳ ಲೆಕ್ಕ. ಕಾರಿನ ಕಂಪನಿ ವೈರಿಂಗಿನ ಬಣ್ಣಗಳೇ ಬೇರೆ. ಅಲ್ಲಿ ಬಣ್ಣ ನಂಬದೆ ಅಳೆಯಿರಿ, ಕತ್ತರಿಸದೆ ಆ ಕಾರಿಗೆ ಸಿಗುವ ಕಪ್ಲರ್ ಬಳಸಿ. ಬೆಂಗಳೂರಿನವರಿಗೆ ಜೆಸಿ ರಸ್ತೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ.

ಪವರ್ ಸ್ಕ್ರೂನಲ್ಲಿ ಸುಮ್ನೆ ಇದ್ದಾಗ 12.6, ಹಾಡು ಜೋರಾದಾಗ 11ಕ್ಕೆ ಇಳಿದರೆ ವೈರ್ ಸಣ್ಣದಾಯಿತು. ಅದೇ ಹೊತ್ತಿಗೆ ಬ್ಯಾಟರಿಯ ಮೇಲೂ ಅಳೆಯಿರಿ. ಅಲ್ಲಿ 12.4 ಇದ್ದು ಇಲ್ಲಿ 11 ಇದ್ದರೆ ನಷ್ಟ ದಾರಿಯಲ್ಲೇ. ಲೆಕ್ಕ ಸುಲಭ. ನಾಲ್ಕು ಚಾನೆಲ್‌ಗೆ ತಲಾ 50 ವ್ಯಾಟ್ ಅಂದರೆ 200 ವ್ಯಾಟ್. ಕ್ಲಾಸ್ ಎಬಿ ಎಂಬ ಬಗೆಯ ಆಂಪ್ ಎಳೆದ ವಿದ್ಯುತ್ತಿನಲ್ಲಿ ಸುಮಾರು ಅರ್ಧ ಬಿಸಿಯಾಗಿ ಹೋಗುತ್ತದೆ, ಹಾಗಾಗಿ 400 ವ್ಯಾಟ್ ಎಳೆಯುತ್ತದೆ. 13.8 ವೋಲ್ಟಿನಲ್ಲಿ ಅದು 29 ಆಂಪಿಯರ್. ಇದಕ್ಕೆ 8 ಗೇಜ್ ತಾಮ್ರದ ವೈರ್ ಬೇಕು. ಅಗ್ಗದ ಕಿಟ್ಟುಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅಲ್ಯೂಮಿನಿಯಂ ತಾಮ್ರದ ಸುಮಾರು 60 ಶೇಕಡಾದಷ್ಟೇ ಕರೆಂಟ್ ಸಾಗಿಸುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಲೇಪದ ವೈರ್.

ಫ್ಯೂಸ್ ಬ್ಯಾಟರಿಯಿಂದ ಅರ್ಧ ಮೀಟರಿನೊಳಗೇ ಇರಬೇಕು. ಅದು ಕಾಯುವುದು ಆಂಪನ್ನಲ್ಲ, ವೈರನ್ನು. ಬಾನೆಟ್ ಒಳಗಿಂದ ಕಾರಿನೊಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇಲ್ಲದಿದ್ದರೆ ತಗಡಿನ ಅಂಚು ದಿನದಿನಕ್ಕೆ ವೈರ್ ಕೊರೆಯುತ್ತದೆ. ಫ್ಯೂಸ್ ಇಲ್ಲದ ಪವರ್ ವೈರ್ ಹೀಗೆ ಕಾರಿನ ತಗಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳುತ್ತದೆ. ನಿಮ್ಮ ಕಾರಿನಲ್ಲಿ ಇವೆರಡೂ ಇವೆಯಾ ಎಂದು ಇವತ್ತೇ ಬಾನೆಟ್ ತೆಗೆದು ನೋಡಿ. ಇದೊಂದನ್ನು ಮುಂದೂಡಬೇಡಿ.

ಕೆಂಪು ದೀಪ ಹತ್ತಿ ಆಂಪ್ ಸುಮ್ಮನಾಗುತ್ತದೆ

ಇದು ಪ್ರೊಟೆಕ್ಟ್ ದೀಪ. ಆಂಪ್ ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ. ಎಲ್ಲಾ ಸ್ಪೀಕರ್ ವೈರುಗಳನ್ನೂ ಆಂಪಿನಿಂದ ಬಿಚ್ಚಿ ಆನ್ ಮಾಡಿ. ಆಗಲೂ ಕೆಂಪು ದೀಪವೇ ಬಂದರೆ ವೋಲ್ಟೇಜ್, ಅರ್ತ್ ನೋಡಿ, ಅವು ಸರಿಯಿದ್ದರೆ ಆಂಪ್ ರಿಪೇರಿಗೆ. ದೀಪ ಬಾರದಿದ್ದರೆ ತಪ್ಪು ಸ್ಪೀಕರ್ ಕಡೆ ಇದೆ. ಒಂದೊಂದೇ ಜೋಡಿಸುತ್ತಾ ಬನ್ನಿ.

ಬಿಚ್ಚಿದಾಗಲೇ ಪ್ರತಿ ಸ್ಪೀಕರ್ ಜೋಡಿ ವೈರಿನ ಓಮ್ ಅಳೆಯಿರಿ. 4 ಓಮಿನ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8 ತೋರಿಸುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ಎರಡು ವೈರ್ ಎಲ್ಲೋ ತಾಗಿಕೊಂಡಿವೆ. ಏನೂ ತೋರಿಸದಿದ್ದರೆ ವೈರ್ ತುಂಡಾಗಿದೆ ಅಥವಾ ಸ್ಪೀಕರ್ ಒಳಗಿನ ಕಾಯಿಲ್ ಸುಟ್ಟಿದೆ. ಆಮೇಲೆ ಪ್ರತಿ ವೈರಿನಿಂದ ಕಾರಿನ ತಗಡಿಗೆ ಅಳೆಯಿರಿ. ಏನೂ ತೋರಿಸಬಾರದು. ತೋರಿಸಿದರೆ ಆ ವೈರ್ ತಗಡಿಗೆ ತಾಗಿದೆ. ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯಿಂದ ವೈರ್ ಹಾಯುವ ಜಾಗವನ್ನೇ ಮೊದಲು ನೋಡಿ, ಬಾಗಿಲು ತೆಗೆದು ಮುಚ್ಚುವಾಗ ಸವೆಯುವುದು ಅಲ್ಲೇ.

ಇನ್ನೊಂದು ಕಾರಣ ಸಬ್‌ವೂಫರ್ ಜೋಡಣೆ. ಎರಡು ಕಾಯಿಲ್ ಇರುವ, ತಲಾ 4 ಓಮಿನ ಸಬ್ ಕೊಂಡಿರುತ್ತೀರಿ. ಎರಡನ್ನೂ ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8 ಓಮ್. ನಾಲ್ಕು ಚಾನೆಲ್ಲಿನ ಆಂಪಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿದಾಗ (ಎರಡನ್ನೂ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟಾಗ) ಸಾಮಾನ್ಯವಾಗಿ 4 ಓಮಿಗಿಂತ ಕಡಿಮೆ ಕೊಡುವಂತಿಲ್ಲ. 2 ಓಮ್ ಕೊಟ್ಟರೆ ಮೆಲ್ಲಗೆ ಹಾಡುವಾಗ ಸರಿಯಿದ್ದು, ಜೋರು ಮಾಡಿದ ಕೂಡಲೇ ಕೆಂಪು ದೀಪ ಬರುತ್ತದೆ. ಕೊಳ್ಳುವ ಮೊದಲೇ ಆಂಪಿನ ಮ್ಯಾನುಯಲ್ ಇಟ್ಟುಕೊಂಡು ಈ ಲೆಕ್ಕ ಹಾಕಿ.

ಸ್ಪೀಕರ್ ಹೊಸದು, ಆದರೆ ಬೇಸ್ ಇಲ್ಲ

ತಬಲಾದ ಡಗ್ಗಾ ಚೆನ್ನಾಗಿ ಕೇಳುವ ಯಾವುದಾದರೂ ರೆಕಾರ್ಡಿಂಗ್ ಹಾಕಿ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಳ್ಳಿ ಕೇಳಿ, ಪೂರ್ತಿ ಬಲಕ್ಕೆ ತಳ್ಳಿ ಕೇಳಿ, ಆಮೇಲೆ ನಡುವೆ ತನ್ನಿ. ಒಂದೊಂದೇ ಹಾಡುವಾಗ ಡಗ್ಗಾದ ಗುಮ್ಮು ಇದ್ದು, ಎರಡೂ ಸೇರಿದಾಗ ಮಾಯವಾದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಗಾಳಿ ಅಲ್ಲಲ್ಲಿಗೇ ಸರಿಹೋಗುತ್ತದೆ. ಕಿವಿಯವರೆಗೆ ಬೇಸ್ ಬರುವುದೇ ಇಲ್ಲ.

ಯಾವುದು ತಿರುವುಮುರುವಾಗಿದೆ ಎಂದು ತಿಳಿಯಲು ಗಡಿಯಾರದ ಸೆಲ್ ಬೇಕು. ಸ್ಪೀಕರ್ ವೈರುಗಳನ್ನು ಆಂಪಿನಿಂದ ಬಿಚ್ಚಿ. ಪ್ಲಸ್ ಎಂದುಕೊಂಡ ವೈರಿಗೆ ಸೆಲ್ಲಿನ ಪ್ಲಸ್, ಇನ್ನೊಂದಕ್ಕೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಕೋನ್ ಹೊರಗೆ ಬಂದರೆ ಸರಿ, ಒಳಗೆ ಹೋದರೆ ಉಲ್ಟಾ. ಹಿಡಿದುಕೊಂಡೇ ಇರಬೇಡಿ, ಮುಟ್ಟಿಸಿ ಬಿಡಿ. ಬೇರೆ ಟ್ವೀಟರ್ (ಕೀಚಲು ದನಿಯ ಸಣ್ಣ ಸ್ಪೀಕರ್), ದನಿ ಹಂಚುವ ಕ್ರಾಸ್‌ಓವರ್ ಇರುವ ಕಾಂಪೊನೆಂಟ್ ಸೆಟ್ಟಾದರೆ ಕೆಳಗಿನ ದೊಡ್ಡ ಸ್ಪೀಕರನ್ನು ನೇರವಾಗಿ ಹೀಗೆ ನೋಡಿ.

ಎರಡೂ ಸರಿಯಿದ್ದರೂ ಬೇಸ್ ತೆಳುವೆನಿಸಿದರೆ ಆಂಪಿನ ಫಿಲ್ಟರ್ ಗುಂಡಿ ನೋಡಿ. ಬಾಗಿಲಿನ ಸ್ಪೀಕರಿಗೆ ಹೈ ಪಾಸ್ (ಅದಕ್ಕಿಂತ ಕೆಳಗಿನ ದನಿ ತಡೆಯುವುದು) 80 ಹರ್ಟ್ಜ್ ಆಸುಪಾಸು, ಸಬ್ಬಿಗೆ ಲೋ ಪಾಸ್ (ಮೇಲಿನ ದನಿ ತಡೆಯುವುದು) 80 ಆಸುಪಾಸು, ಇಲ್ಲಿಂದ ಶುರು ಮಾಡಿ. ಯಾರೋ ಹೈ ಪಾಸನ್ನು 200ರ ಮೇಲೆ ತಿರುಗಿಸಿ ಬಿಟ್ಟಿರುವುದೂ ಉಂಟು. ಸಬ್ ಇದ್ದೂ ಮುಂದಿನ ಸೀಟಿನಲ್ಲಿ ಬೇಸ್ ಸಾಲದಿದ್ದರೆ ಸಬ್ಬಿನ ವೈರ್ ತಿರುಗಿಸಿ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಯಾವ ಕಡೆ ಜಾಸ್ತಿ ತುಂಬಿ ಕೇಳುತ್ತದೋ ಅದನ್ನೇ ಉಳಿಸಿಕೊಳ್ಳಿ.

ಜೋರು ಮಾಡಿದರೆ ದನಿ ಒಡೆಯುತ್ತದೆ

ಆಂಪ್ ಇಲ್ಲದೆ ಸ್ಟೀರಿಯೋದಿಂದಲೇ ಸ್ಪೀಕರ್ ಓಡಿಸುತ್ತಿದ್ದರೆ ಮೊದಲು ಒಂದು ಸತ್ಯ ತಿಳಿದಿರಲಿ. ಡಬ್ಬಿಯ ಮೇಲೆ '50 ವ್ಯಾಟ್ × 4' ಎಂದಿರುತ್ತದೆ. 14.4 ವೋಲ್ಟನ್ನು ವರ್ಗ ಮಾಡಿ 4 ಓಮಿನಿಂದ ಭಾಗಿಸಿದರೆ 51.8 ಬರುತ್ತದೆ. ಆ 50 ಹುಟ್ಟಿದ್ದು ಹೀಗೆ. ದನಿ ಪೂರ್ತಿ ಒಡೆದು ಚೌಕವಾದಾಗ ಸಿಗುವ ವ್ಯಾಟ್ ಅದು. ಶುದ್ಧ ದನಿಗೆ ಲೆಕ್ಕ ಹಾಕಿದರೆ ಅದರ ಅರ್ಧ, 26 ವ್ಯಾಟ್ ಮೇಲಿನ ಮಿತಿ. ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಆಂಪ್ ಹಾಕುವ ಯೋಚನೆ ಇಲ್ಲದವರು ವ್ಯಾಟ್ ನೋಡಿ ಸ್ಪೀಕರ್ ಕೊಳ್ಳಬೇಡಿ, ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ದನಿ ಬರುತ್ತದೆ ಎಂಬ ಅಳತೆ) ನೋಡಿ ಕೊಳ್ಳಿ. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧದಷ್ಟು ವ್ಯಾಟಿನಲ್ಲೇ ಅಷ್ಟೇ ದನಿ ಬರುತ್ತದೆ.

ಆಂಪ್ ಇದ್ದೂ ಒಡೆದರೆ ಗೇನ್ ನೋಡಿ. ಗೇನ್ ಇನ್ನೊಂದು ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲಿಗೆ ಆಂಪನ್ನು ಹೊಂದಿಸುವ ಗುಂಡಿ. ಅದನ್ನು ಮಿತಿಮೀರಿ ತಿರುಗಿಸಿದರೆ ಹಿಸ್ ಬರುತ್ತದೆ, ಉಳಿದ ಚೂರುಪಾರು ಕುಂಯ್ ದೊಡ್ಡದಾಗುತ್ತದೆ, ದನಿ ಬೇಗ ಒಡೆಯುತ್ತದೆ. ಒಡೆದ ದನಿ ಬಹಳ ಹೊತ್ತು ಹಾಡಿದರೆ ಮೊದಲು ಸುಡುವುದು ಟ್ವೀಟರ್.

ಹೊಂದಿಸುವುದು ಹೀಗೆ. ಸ್ಪೀಕರ್ ವೈರ್ ಬಿಚ್ಚಿ. ಬೇಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಜರ್ ಎಲ್ಲಾ ಸೊನ್ನೆ ಮಾಡಿ, ಆಂಪಿನ ಫಿಲ್ಟರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ. ಗೇನ್ ಪೂರ್ತಿ ಕಡಿಮೆ ಇರಲಿ. ಫೋನಿನಿಂದ 50 ಹರ್ಟ್ಜ್ ಟೆಸ್ಟ್ ಟೋನ್ ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ಇಡಿ. ಸಾಮಾನ್ಯ ಮೀಟರುಗಳು ಮನೆಯ ಕರೆಂಟಿಗೆ ಮಾಡಿದವು, 50 ಹರ್ಟ್ಜ್ ಎಸಿಯನ್ನು ಸರಿಯಾಗಿ ಓದುತ್ತವೆ, ಹಾಗಾಗಿ ಈ ಟೋನ್. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಆಂಪಿನ ಸ್ಪೀಕರ್ ಸ್ಕ್ರೂಗಳಿಗೆ ಹಚ್ಚಿ. ಎಷ್ಟು ವೋಲ್ಟ್ ಬರಬೇಕು? ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200ರ ವರ್ಗಮೂಲ, 14.1 ವೋಲ್ಟ್. ಅಷ್ಟು ಬರುವವರೆಗೆ ಗೇನ್ ಮೆಲ್ಲಗೆ ಏರಿಸಿ, ಅಲ್ಲಿಗೆ ಬಿಡಿ. ಸ್ಪೀಕರ್ ಜೋಡಿಸುವ ಮೊದಲು ಫಿಲ್ಟರ್ ಮತ್ತೆ ಹಾಕಲು ಮರೆಯಬೇಡಿ. ಇನ್ನು ಮೇಲೆ ಸ್ಟೀರಿಯೋ ವಾಲ್ಯೂಮ್ ಆ ಮುಕ್ಕಾಲನ್ನು ದಾಟಬಾರದು.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ

ಕಾರು ಲಾಕ್ ಮಾಡಿ ನಿದ್ದೆ ಹೋದ ಮೇಲೆ ಸುಮಾರು 50 ಮಿಲಿಆಂಪಿಯರ್ ಒಳಗೆ ಎಳೆದರೆ ಸಹಜ. ಆಂಪ್ ಆಫ್ ಆಗದೆ ಉಳಿದರೆ ಅರ್ಧ ಆಂಪಿಯರ್ ಎಳೆಯುವುದು ದೊಡ್ಡದಲ್ಲ. ದಿನಕ್ಕೆ 12 ಆಂಪಿಯರ್-ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ 35ರ ಬ್ಯಾಟರಿ ಮೂರೇ ದಿನಕ್ಕೆ ಖಾಲಿ. ಹಬ್ಬಕ್ಕೆ ಊರಿಗೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಕಾರು ಕೈಕೊಡುವುದು ಹೀಗೇ.

ಕೀ ತೆಗೆದು ಐದು ನಿಮಿಷ ಬಿಟ್ಟು ಆಂಪಿನ ರಿಮೋಟ್ ಸ್ಕ್ರೂನಲ್ಲಿ ವೋಲ್ಟೇಜ್ ನೋಡಿ. ಇನ್ನೂ 12 ಇದ್ದರೆ ಕಳ್ಳ ಸಿಕ್ಕಿದ. ಕೀ ಇಲ್ಲದೆಯೂ ಹಾಡಲಿ ಎಂದು ಕೆಲವರು ಸ್ಟೀರಿಯೋದ ಹಳದಿ, ಕೆಂಪು ವೈರ್ ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿರುತ್ತಾರೆ. ಬಿಚ್ಚಿ ಕೆಂಪನ್ನು ಕೀ ಲೈನಿಗೆ ಕೊಡಿ. ರಿಮೋಟ್ ಸೊನ್ನೆ ಇದ್ದೂ ಬ್ಯಾಟರಿ ಇಳಿಯುತ್ತಿದ್ದರೆ, ಮೀಟರನ್ನು 10 ಆಂಪಿಯರಿಗೆ ಇಟ್ಟು ಬ್ಯಾಟರಿಯ ಮೈನಸ್ ಕಂಬಕ್ಕೂ ಅದರ ಕೇಬಲಿಗೂ ನಡುವೆ ಸೇರಿಸಿ, ಅರ್ಧ ಗಂಟೆ ಕಾದು ಓದಿ. ಈ ಹೊತ್ತಿನಲ್ಲಿ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲು ಆಂಪಿನ ಫ್ಯೂಸ್ ತೆಗೆಯಿರಿ, ಆಮೇಲೆ ಸ್ಟೀರಿಯೋದ್ದು. ಯಾವುದನ್ನು ತೆಗೆದಾಗ ಅಂಕಿ ಕುಸಿಯುತ್ತದೋ ಅದೇ ದಾರಿ.

ಬಾಗಿಲು ಗಿರಗುಟ್ಟುತ್ತದೆ

40ರಿಂದ 100 ಹರ್ಟ್ಜ್‌ವರೆಗೆ ಮೆಲ್ಲಗೆ ಏರುವ ಟೋನ್ ಹಾಕಿ, ಅಂಗೈಯಿಂದ ಡೋರ್ ಪ್ಯಾಡನ್ನು ಅಲ್ಲಲ್ಲಿ ಒತ್ತಿ. ಒತ್ತಿದಾಗ ಎಲ್ಲಿ ನಿಲ್ಲುತ್ತದೋ ಅಲ್ಲೇ ತೊಂದರೆ. ಮುರಿದ ಕ್ಲಿಪ್ಪು, ಪ್ಯಾಡಿಗೆ ತಾಗುವ ಸಡಿಲ ವೈರ್, ಸಡಿಲ ಸ್ಕ್ರೂ, ಸಾಮಾನ್ಯವಾಗಿ ಇಷ್ಟೇ. ವೈರಿಗೆ ಸ್ಪಂಜಿನ ಟೇಪ್ ಸುತ್ತಿ, ಹೊರ ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ. ಸ್ಪೀಕರಿನ ಮುಂದಿನ ದನಿಗೂ ಹಿಂದಿನ ದನಿಗೂ ನಡುವೆ ಸಂದು ಉಳಿಯದಂತೆ ಸ್ಪೀಕರ್ ಕೂರಿಸುವ ರಿಂಗಿನ ಸುತ್ತ ಫೋಮ್ ಹಾಕಿದರೆ ಬೇಸ್ ಕೂಡ ಗಟ್ಟಿಯಾಗುತ್ತದೆ. ಸ್ಪೀಕರ್ ಕೂರಿಸುವಾಗ ಗಾಜನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರಿನ ಬೆನ್ನಿಗೆ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ. ಗಾಜಿನ ಸಂದಿನಿಂದ ಒಳಗೆ ಹೋಗಿ ಕೆಳಗಿನ ತೂತುಗಳಿಂದ ಹೊರಬೀಳುತ್ತದೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಆ ನೀರನ್ನು ಕಾರಿನೊಳಗೆ ಬಿಡದೆ ತಡೆಯುತ್ತದೆ. ಸ್ಪೀಕರ್ ಹಾಕುವ ಆತುರದಲ್ಲಿ ಅದನ್ನು ಹರಿದು ಬಿಸಾಡಿದ್ದರೆ ಜೂನ್ ತಿಂಗಳಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಎಂಡಿಎಫ್ (ಮರದ ಪುಡಿಯ ಹಲಗೆ) ರಿಂಗ್ ಬಳಸಿದ್ದರೆ ಅದು ನೀರು ಕುಡಿದು ಉಬ್ಬಿ, ಸ್ಕ್ರೂ ಸಡಿಲವಾಗಿ, ಮತ್ತೆ ಗಿರಗುಟ್ಟಲು ಶುರುವಾಗುತ್ತದೆ. ಪ್ಲಾಸ್ಟಿಕ್ ರಿಂಗ್ ಹಾಕಿಸಿ. ಕೆಲಸವೆಲ್ಲಾ ಮುಗಿದು ಪ್ಯಾಡ್ ಕೂರಿಸಿದ ಮೇಲೆ ಗಾಜಿನ ಹೊರಗಿನಿಂದ ಎರಡು ಮಗ್ ನೀರು ಹೊಯ್ಯಿರಿ. ಬಾಗಿಲಿನ ಕೆಳಗಿನ ತೂತುಗಳಿಂದ ನೀರು ತೊಟ್ಟಿಕ್ಕಬೇಕು, ಮ್ಯಾಟ್ ಒಣಗಿರಬೇಕು.